ಅರಸರ ಹಣೆ, ಮುಬೀನಾಳ ಸ್ಲೇಟು

ಭೂಮಿಯ ಮೇಲೆ ಎಲ್ಲಿ ಲಿಫ್ಟು ಕೆಟ್ಟು ನಿಂತರೂ ಮೈಸೂರಿನಲ್ಲಿ ನನ್ನ ಎಡಹುಬ್ಬು ಅದುರುತ್ತಿತ್ತು. ಇದನ್ನು ನಾನಾಗಿ ಹೇಳಿಕೊಂಡವನಲ್ಲ. ಹೇಳಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಕೇಳಿದರೆ, ಅಥವಾ ಕೇಳುವ ಮುಖ ಮಾಡಿದರೆ, ಅಥವಾ ತಪ್ಪಿಸಿಕೊಳ್ಳಲಾಗದಂತೆ ಗೋಡೆಗೆ ಒರಗಿ ಇಡ್ಲಿ ತಿನ್ನುತ್ತಿದ್ದರೆ, ಆಗ ಮಾತ್ರ ಹೇಳುತ್ತಿದ್ದೆ. ನನ್ನ ಮುತ್ತಾತ ಅರಮನೆಯ ಆನೆಗಳ ಸೊಂಡಿಲು ಮುಟ್ಟಿ, ಯಾವ ಆನೆಗೆ ನಾಳೆ ಹೊಟ್ಟೆನೋವು ಬರುತ್ತದೆಂದು ಇವತ್ತೇ ಹೇಳುತ್ತಿದ್ದನಂತೆ. ನಾನು ನಂಜರಾಜೇ ಅರಸು, ಅವನ ಮರಿಮಗ. ಆನೆ ಹೋಯಿತು, ಲಿಫ್ಟು ಬಂತು. ವಿದ್ಯೆ ಅದೇ.

ನಮ್ಮ ಕಂಪನಿ ಏರುಗತಿ ಸಿಸ್ಟಮ್ಸ್. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎರಡಂತಸ್ತಿನ ಕಟ್ಟಡ. ಅದಕ್ಕೆ ಲಿಫ್ಟು ಇರಲಿಲ್ಲ. ಹನ್ನೊಂದು ದೇಶಗಳ ಲಿಫ್ಟುಗಳನ್ನು ಏರಿಸಿ ಇಳಿಸುವ ಸಾಫ್ಟ್‌ವೇರು ಬರೆದವರು ನಾವು, ಅದು ಮುನಿಸಿಕೊಂಡರೆ ಇಲ್ಲಿಂದಲೇ ಸಮಾಧಾನ ಮಾಡುವವರೂ ನಾವು. ಒಟ್ಟು ನಲವತ್ತೊಂದು ಸಾವಿರ ಲಿಫ್ಟುಗಳೆಂದು ಕಂಪನಿಯ ಕಾಗದಗಳಲ್ಲಿತ್ತು. ನಾನು ಒಂದು ಲಕ್ಷ ಎನ್ನುತ್ತಿದ್ದೆ. ಒಂದೊಂದೂ ಎರಡೂವರೆ ಲಿಫ್ಟಿನಷ್ಟು ಕಾಟ ಕೊಡುತ್ತಿದ್ದರಿಂದ ಅದೂ ಸುಳ್ಳಲ್ಲ.

ಕೆಳಮಹಡಿಯ ಕಂಟ್ರೋಲ್ ರೂಮಿನಲ್ಲಿ ನಾವು ಹದಿನಾರು ಮಂದಿ, ಎಂಟು ಜೋಡಿ. ಪ್ರತಿ ಜೋಡಿಯಲ್ಲಿ ಒಬ್ಬರು ಕೈ, ಒಬ್ಬರು ಬಾಯಿ. ಕೈಯವರು ಪರದೆ ನೋಡಿ ದೋಷ ಹುಡುಕಿ ಸರಿಪಡಿಸಬೇಕು. ಬಾಯಿಯವರು ಅಷ್ಟು ಹೊತ್ತೂ ಲಿಫ್ಟಿನೊಳಗೆ ಸಿಕ್ಕಿಕೊಂಡವರ ಜೊತೆ ಸ್ಪೀಕರಿನಲ್ಲಿ ಮಾತಾಡುತ್ತಿರಬೇಕು. ನಾನು ಕೈ. ನನ್ನ ಬಾಯಿ ಮುಬೀನಾ ಬಾನು. ಉದಯಗಿರಿಯವಳು. ಗಂಡ ಆಟೋ ಓಡಿಸುತ್ತಿದ್ದ, ಮಗಳು ನರ್ಸಿಂಗ್ ಓದುತ್ತಿದ್ದಳು. ಹದಿನಾಲ್ಕು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಮಾತನ್ನು ಹದಿನಾಲ್ಕು ವರ್ಷ ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಇನ್ನೊಂದು ಜೀವ ಈ ಜಗತ್ತಿನಲ್ಲಿಲ್ಲ. ನನ್ನ ಹೆಂಡತಿ ಕೂಡ ಆಗಾಗ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಮುಬೀನಾಳ ಮೇಜಿನ ಮೇಲೆ ಒಂದು ಸ್ಲೇಟು ಇತ್ತು. ಮರದ ಚೌಕಟ್ಟಿನ ಒಂದನೇ ಕ್ಲಾಸಿನ ಸ್ಲೇಟು, ದೇವರಾಜ ಮಾರುಕಟ್ಟೆಯಲ್ಲಿ ಕೊಂಡದ್ದು. ಸಿಕ್ಕಿಕೊಂಡವರು ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಅವಳು ನನ್ನ ಕಡೆ ತಿರುಗಿ "ಸಾರ್, ಏನೋ ಸುಟ್ಟ ವಾಸನೆಯಂತೆ" ಎಂದರೆ ಒಳಗಿದ್ದವರ ಎದೆ ಒಡೆದುಹೋಗುತ್ತದೆ. ಕೀಲಿಗಳನ್ನು ಟಪಟಪ ಒತ್ತಿದರೂ ಬೆಚ್ಚುತ್ತಾರೆ. ಅದಕ್ಕೇ ಸ್ಲೇಟು. ನಗುನಗುತ್ತ ಅವರ ಮನೆಯ ಬೆಕ್ಕಿನ ಸಮಾಚಾರ ಕೇಳುತ್ತಲೇ ಬಳಪದಿಂದ ಎರಡು ಮೂರು ಪದ ಗೀಚಿ ನನ್ನ ಮೊಣಕೈ ಹತ್ತಿರ ತಳ್ಳುತ್ತಿದ್ದಳು. ಒಮ್ಮೆ ನಾರ್ವೆಯ ಬ್ಯಾಂಕ್ ಮ್ಯಾನೇಜರೊಬ್ಬ ಸಿಕ್ಕಿಕೊಂಡು ಮಗುವಿನ ಹಾಗೆ ಅಳುತ್ತಿದ್ದ. ಮುಬೀನಾ ಅವನ ಅಳು ನಿಲ್ಲಿಸಿ, ಮೂಗಿಗೆ ಏನು ಬಡಿಯುತ್ತಿದೆ ಎಂದು ಅವನಿಂದ ಹೇಳಿಸಿದಳು. ಸ್ಲೇಟಿನ ಮೇಲೆ 'ಕಡಲೇಕಾಯಿ ಹುರಿದ ವಾಸನೆ' ಎಂದು ಬಂತು. ನನ್ನ ಹುಬ್ಬು ಅದುರಿತು. ಮೋಟಾರಿನ ಸುರುಳಿ ಕಾದಿದೆ! ಎರಡೇ ನಿಮಿಷದಲ್ಲಿ ಲಿಫ್ಟನ್ನು ಇಳಿಸಿದೆ. ಎರಡು ನಿಮಿಷ ಎಂದರೆ ನನ್ನ ಲೆಕ್ಕದಲ್ಲಿ.

ನಾನು ಸ್ಲೇಟಿನ ಮೇಲೆ ಕಣ್ಣು ಹಾಯಿಸಿದ್ದು ಅರೆಕ್ಷಣ. ಕ್ಯಾಂಟೀನಿನಲ್ಲಿ ಈ ಕಥೆ ಹೇಳುವಾಗ ಆ ಅರೆಕ್ಷಣ ಹೇಗೋ ಬಿಟ್ಟುಹೋಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಮಹಡಿಯ ಹಾಲಿಗೆ ಕರೆದರು. ಗೋಡೆಯಗಲದ ಪರದೆಯ ಮೇಲೆ ಕಂಪನಿಯ ದೊಡ್ಡವರು ಬಂದರು. ಅವರ ಹಿಂದೆ ಯಾವುದೋ ದೇಶದ ಸರೋವರ, ಅದರಲ್ಲೊಂದು ಬಿಳಿ ದೋಣಿ. "ನಾವೆಲ್ಲ ಒಂದೇ ಕುಟುಂಬ," ಎಂದು ಶುರುಮಾಡಿದರು. ಏರುಗತಿಯಲ್ಲಿ ಕುಟುಂಬ ಎಂಬ ಪದ ಬಂತೆಂದರೆ ಯಾರದೋ ಊಟದ ತಟ್ಟೆ ಎತ್ತುತ್ತಾರೆ ಎಂದೇ ಅರ್ಥ. ಕಂಪನಿ 'ಹಗುರಾಗುವ ಪಯಣ' ಹೊರಟಿದೆ, ಕಂಟ್ರೋಲ್ ರೂಮು ತೊಂಬತ್ತು ದಿನಗಳಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಹೋಗುತ್ತದೆ, ಅಲ್ಲಿನ ಹೊಸಬರಿಗೆ ನಮ್ಮ ಅನುಭವವನ್ನು ಪ್ರೀತಿಯಿಂದ ಧಾರೆ ಎರೆಯಬೇಕು ಎಂದರು. ಆಮೇಲೆ ಕಣ್ಣು ಒರೆಸಿಕೊಂಡರು. ದೋಣಿ ಅಲುಗಾಡಿತು.

"ಹಗುರಾಗೋದು ಅಂದ್ರೆ ನಮ್ಮನ್ನ ಇಳ್ಸೋದು ಕಣ್ರೀ ಸಾರ್," ಎಂದಳು ಮುಬೀನಾ ನನ್ನ ಕಿವಿಯಲ್ಲಿ. "ದೋಣಿನ ಮಾತ್ರ ಇಟ್ಕೊಳ್ತಾರೆ."

ಎದುರಿಗೆ ನಮ್ಮ ಮೈಸೂರು ಶಾಖೆಯ ಮುಖ್ಯಸ್ಥ ನಿಖಿಲೇಶ್ ನಿಂತಿದ್ದ. ಬಿಸ್ಕತ್ತು ಕಂಪನಿಯಿಂದ ಬಂದವನು. ಲಿಫ್ಟು ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಬರುತ್ತದೆ ಎಂಬುದನ್ನು ತಿಳಿಯಲು ಅವನಿಗೆ ನಾಲ್ಕು ವರ್ಷ ಹಿಡಿಯಿತು. ಅವನ ಕೈಯಲ್ಲಿ ಒಂದು ಕಪ್ಪು ಪಟ್ಟಿ ಇತ್ತು, ಟೆನಿಸ್ ಆಡುವವರು ಬೆವರಿಗೆಂದು ಹಣೆಗೆ ಕಟ್ಟುವಂಥದ್ದು.

ಆ ಪಟ್ಟಿಯ ಸಂಗತಿ ಸರಳ. ಒಂದು ವಿಷಯ ಹೊಳೆದಾಗ, ಹೊಳೆಯಿತು ಎಂದು ನಮಗೇ ಗೊತ್ತಾಗುವುದಕ್ಕೆ ಅರೆಸೆಕೆಂಡು ಮೊದಲು, ಮಿದುಳಿನಲ್ಲಿ ಸಣ್ಣದೊಂದು ಅಲೆ ಏಳುತ್ತದೆ. ಪಟ್ಟಿಯೊಳಗಿನ ಅರವತ್ತನಾಲ್ಕು ತಂತಿತುದಿಗಳು ಆ ಅಲೆಯನ್ನು ಹಿಡಿಯುತ್ತವೆ. ಆ ಕ್ಷಣದಲ್ಲಿ ಕಣ್ಣು ಪರದೆಯ ಯಾವ ಸಾಲಿನ ಮೇಲಿತ್ತು ಎಂಬುದನ್ನು ಒಂದು ಪುಟ್ಟ ಕ್ಯಾಮೆರಾ ಬರೆದಿಟ್ಟುಕೊಳ್ಳುತ್ತದೆ. ಇಂಥ ಸಾವಿರಾರು ಹೊಳಹುಗಳನ್ನು ಕೂಡಿಸಿ ದ್ವೀಪಕ್ಕೆ ಕಳಿಸಿದರೆ, ಅಲ್ಲಿನ ಹೊಸಬನ ತಲೆಗೂ ಒಂದು ಪಟ್ಟಿ. ಅವನ ಕಣ್ಣು ಸರಿಯಾದ ಸಾಲಿನ ಮೇಲೆ ಬಿದ್ದರೆ ಕಿವಿಯ ಮೇಲೆ ಸಣ್ಣಗೆ ಕಚಗುಳಿ. ಇಷ್ಟೇ. ನನ್ನ ಹತ್ತೊಂಬತ್ತು ವರ್ಷದ ಸರ್ವಿಸ್ಸು ಒಂದು ಕಚಗುಳಿ.

ಮೊದಲ ವಾರವೇ ಪಟ್ಟಿಯಲ್ಲಿ ನನ್ನ ಅಲೆ ಎಲ್ಲರಿಗಿಂತ ಎತ್ತರ ಬಂತು. ಪಟ್ಟಿ ತಯಾರಿಸಿದ ಪ್ರಯೋಗಾಲಯದವರು ಯಂತ್ರ ಕೆಟ್ಟಿದೆಯೆಂದು ಎರಡು ಸಲ ಬಿಚ್ಚಿ ನೋಡಿದರು. ಕನಿಷ್ಠ ಎರಡು ಸಲ. ನಿಖಿಲೇಶ್ ಸ್ವತಃ ಕಾಫಿ ಹಿಡಿದು ಬಂದ.

"ಅರಸ್ ಸರ್, ಒಂದು ಗುಟ್ಟು. ಎಲ್ಲಾ ಹೋದ್ಮೇಲೂ ಮೈಸೂರಲ್ಲಿ ಒಂದೇ ಒಂದು ಸೀಟ್ ಉಳಿಯುತ್ತೆ. ದ್ವೀಪದೋರ ಮೇಲೆ ಕಣ್ಣಿಡೋಕೆ. ಅದು ನಿಮ್ದೇ. ಇದೊಂದು ಫಾರಮ್ಮು ತುಂಬಿಬಿಡಿ."

ಫಾರಮ್ಮಿನ ಒಂಬತ್ತನೇ ಪ್ರಶ್ನೆ: ದೋಷ ಹೊಳೆಯುವಾಗ ಪರದೆಯ ಹೊರತು ಬೇರೆ ಯಾವುದರ ಅಥವಾ ಯಾರ ನೆರವನ್ನಾದರೂ ಪಡೆಯುತ್ತೀರಾ?

ಮೊಣಕೈ ಹತ್ತಿರ ಸ್ಲೇಟು ಇತ್ತು. ಅದರ ಮೇಲೆ ಹಿಂದಿನ ಲಿಫ್ಟಿನ 'ಎಡಕ್ಕೆ ವಾಲಿದೆ' ಎಂಬ ಎರಡು ಪದ ಇನ್ನೂ ಅಳಿಸಿರಲಿಲ್ಲ. ಕ್ಯಾಮೆರಾ ಪರದೆಯನ್ನಷ್ಟೇ ನೋಡುತ್ತಿತ್ತು, ಸ್ಲೇಟು ಅದರ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಪೆನ್ನು ಹಿಡಿದ ಕೈ ಕ್ಯಾಂಟೀನಿನ ಕೈ. 'ಯಾರ ನೆರವೂ ಇಲ್ಲ. ಇದು ವಂಶಪಾರಂಪರ್ಯವಾಗಿ ಬಂದದ್ದು' ಎಂದು ದುಂಡಗೆ ಬರೆದು, ಕೆಳಗೆ ಸಹಿ ಜಡಿದೆ.

ಸಂಜೆ ಮನೆಯಲ್ಲಿ ಇದನ್ನು ಹೇಳುತ್ತ ಹೇಳುತ್ತ, ಇಡೀ ಏಷ್ಯಾಖಂಡಕ್ಕೆ ಉಳಿದಿರುವ ಒಂದೇ ಸೀಟು ನನ್ನದೆಂದು ಮುಗಿಸಿದೆ. ನನ್ನ ಹೆಂಡತಿ ಲೀಲಾಜಮ್ಮಣ್ಣಿ ಹುರುಳೀಕಾಯಿ ನಾರು ತೆಗೆಯುತ್ತ ಕೂತಿದ್ದಳು.

"ಅದೇನೋ ಸರಿ. ಮುಬೀನಾ ಏನ್ ಮಾಡ್ತಾಳೆ?"

"ಅವಳಿಗೇನು? ಅವಳು ಬಾಯಿ. ಈ ಫಾರಮ್ಮು ಕೈಯೋರದ್ದು."

"ಯಾರ ನೆರವೂ ಇಲ್ಲ ಅಂತ ಬರ್ದಿದ್ದೀರಿ ಅಂದ್ರಲ್ಲ ಈಗ್ತಾನೆ."

"ಅದು ಮಾತಿಗೆ."

"ಮಾತಿಗೆ ಬರ್ದು ಸೈನ್ ಹಾಕಿದ್ರಾ?" ಎಂದು ಅವಳು ಹುರುಳೀಕಾಯಿಯಿಂದ ತಲೆ ಎತ್ತಿದಳು. "ರೀ, ನೀವು ಬೊಗಳೆ ಬಿಡೋದು ನಂಗೆ ಗೊತ್ತು, ನಿಮ್ಮ ಕ್ಯಾಂಟೀನೋರಿಗೆ ಗೊತ್ತು. ಆ ಫಾರಮ್ಮಿಗೆ ಗೊತ್ತಾ?"

ನಾನೂ ಒಂದು ಹಿಡಿ ಹುರುಳೀಕಾಯಿ ಎಳೆದುಕೊಂಡು ನಾರು ತೆಗೆಯತೊಡಗಿದೆ.

ಹದಿನಾರನೇ ದಿನ ಎಂಟೂ ಬಾಯಿಯವರನ್ನು ಒಟ್ಟಿಗೆ ಮೇಲಕ್ಕೆ ಕರೆದರು. ಕಾಲು ಗಂಟೆಯಲ್ಲಿ ಇಳಿದು ಬಂದರು. ಎಂಟು ಮಂದಿ ಕೈಯವರಲ್ಲಿ ಏಳು ಮಂದಿ ಫಾರಮ್ಮಿನ ಆ ಪ್ರಶ್ನೆಗೆ ಏನೂ ಬರೆದಿರಲಿಲ್ಲವಂತೆ, ಖಾಲಿ ಬಿಟ್ಟಿದ್ದರಂತೆ. ಸ್ಪಷ್ಟವಾಗಿ ಬರೆದವನು ನಾನೊಬ್ಬನೇ. ಹಾಗಾಗಿ ಬಾಯಿ ಎಂಬ ಕೆಲಸವೇ ಅನಗತ್ಯ ಎಂಬುದಕ್ಕೆ ಅತ್ಯಂತ ಅನುಭವಿ ನೌಕರರ ಲಿಖಿತ ಸಾಕ್ಷಿ ಇದೆ ಎಂದು ನಿಖಿಲೇಶ್ ಅದನ್ನೇ ಗೋಡೆಯ ಪರದೆಯ ಮೇಲೆ ತೋರಿಸಿದ್ದ. ನನ್ನ ದುಂಡಕ್ಷರ, ಆಳೆತ್ತರ.

ಮುಬೀನಾ ಬುತ್ತಿಚೀಲಕ್ಕೆ ಟಿಫಿನ್ ಡಬ್ಬಿ ತುಂಬಿಕೊಂಡಳು. ನಾನು ನಿಂತೇ ಇದ್ದೆ.

"ಮುಬೀನಾ, ನಾನು... ಅದು ನಿನ್ನ ವಿಚಾರ ಅಲ್ಲ..."

"ನಿಮ್ಮ ಅಕ್ಷರ ಚೆನ್ನಾಗಿದೆ ಸಾರ್. ದೂರದಿಂದಲೂ ಓದಕ್ಕಾಗುತ್ತೆ."

"ನಾನು ಮಾತಾಡ್ತೀನಿ ಕಣಮ್ಮ. ದೊಡ್ಡೋರ ಹತ್ರಾನೇ ಮಾತಾಡ್ತೀನಿ. ನಾನು ಒಂದು ಮಾತು ಹೇಳಿದ್ರೆ..."

"ಒಂದು ಹೇಳಲ್ಲ ನೀವು, ನೂರು ಹೇಳ್ತೀರ," ಎಂದಳು. ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಹದ್ನಾಲ್ಕು ವರ್ಷ ನಗ್ತಾ ಕೇಳ್ಕೊಂಡೆ. ಕಡಲೇಕಾಯಿ ಕಥೆ ಎಷ್ಟು ಸಲ ಕೇಳಿದೀನಿ, ನಾನೇ ಇರ್ತಿರ್ಲಿಲ್ಲ ಅದರಲ್ಲಿ. ಹೋಗ್ಲಿ, ಕಥೆ ತಾನೆ ಅನ್ಕೊಂಡಿದ್ದೆ."

ಬಾಗಿಲಲ್ಲಿ ಕಾವಲಿನವನು ಅವಳ ಕಾರ್ಡು ಇಸಿದುಕೊಂಡ. ಸ್ಲೇಟು ಕಂಪನಿಯ ಸ್ವತ್ತಲ್ಲ ಎಂದು ಸಾಬೀತುಮಾಡಲು ಅವಳ ಬಳಿ ರಸೀದಿ ಇರಲಿಲ್ಲ. ಅದನ್ನೂ ಇಟ್ಟುಕೊಂಡರು. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ: ಆ ಉಳಿದ ಸೀಟು ಇರುವುದಾದರೆ ಅದು ಅವಳದು, ಅವಳು ಅದರಲ್ಲಿ ವಾಪಸು ಬಂದು ಕೂರಬೇಕು. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಪಟ್ಟಿಯಲ್ಲಿ ನನ್ನ ಅಲೆ ಅಂದಿನಿಂದ ಇಳಿಯತೊಡಗಿತು. ಪ್ರಯೋಗಾಲಯದವರು ಬಿಚ್ಚಿ ನೋಡಿ, ತಂತಿ ಬೆವರಿಗೆ ತುಕ್ಕು ಹಿಡಿದಿದೆ ಎಂದು ಬರೆದುಕೊಂಡರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಈಗ ಮಾತಾಡುತ್ತಿದ್ದದ್ದು ಒಂದು ಧ್ವನಿಮುದ್ರಿಕೆ. ದಯವಿಟ್ಟು ಶಾಂತವಾಗಿರಿ, ದಯವಿಟ್ಟು ಶಾಂತವಾಗಿರಿ. ಅದನ್ನು ಕೇಳಿ ಕೇಳಿ ನನಗೇ ಯಾರಿಗಾದರೂ ಹೊಡೆಯಬೇಕೆನಿಸುತ್ತಿತ್ತು.

ದ್ವೀಪದಲ್ಲಿ ನನ್ನ ಹಣೆಗೆ ಜೋಡಿಯಾದವನ ಹೆಸರು ಹೆರಿ. ಮೂವತ್ತೆರಡು ವರ್ಷ, ಎರಡು ಮಕ್ಕಳ ತಂದೆ, ಅದಕ್ಕೆ ಮೊದಲು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ. ಅವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನಾನು ಮೂರು ದಿನ ಬಹಳ ಕಷ್ಟಪಟ್ಟೆ. ನಾಲ್ಕನೇ ದಿನ ಪರದೆಯಲ್ಲಿ ಅವನು ಕೇಳಿದ, "ಸರ್, ನಿಮ್ಮ ಪಕ್ಕದ ಕುರ್ಚಿ ಯಾಕೆ ಯಾವಾಗಲೂ ಖಾಲಿ?"

"ಅವರು ರಜೆ ಮೇಲಿದ್ದಾರೆ," ಎಂದೆ.

ಅರವತ್ತನೇ ದಿನ, ಮಿಕ್ಕವರನ್ನೆಲ್ಲ ಹೊರಗೆ ಕಳಿಸಿದ ಕಂಟ್ರೋಲ್ ರೂಮಿನಲ್ಲಿ ಅಂತಿಮ ಪರೀಕ್ಷೆ. ಮಧ್ಯಾಹ್ನ ಎರಡೂವರೆ. ಗೋಡೆಯ ಪರದೆಯಲ್ಲಿ ದೊಡ್ಡವರು, ಅವರ ಹಿಂದೆ ಸರೋವರ. ಇನ್ನೊಂದು ಪರದೆಯಲ್ಲಿ ಹೆರಿ. ನಿಯಮ ಏನೆಂದರೆ, ಮುಂದೆ ಬರುವ ನಿಜವಾದ ಕರೆಯನ್ನು ಹೆರಿಯೇ ಬಿಡಿಸಬೇಕು, ಹತ್ತು ನಿಮಿಷದೊಳಗೆ ಆಗದಿದ್ದರಷ್ಟೇ ನಾನು.

ಕರೆ ಬಂತು. ಸ್ಕಾಟ್ಲೆಂಡಿನ ಒಂದು ಹದಿನಾರು ಮಹಡಿಯ ಕಟ್ಟಡ, ಹನ್ನೊಂದನೇ ಮಹಡಿಗೂ ಹನ್ನೆರಡಕ್ಕೂ ನಡುವೆ ನಿಂತ ಲಿಫ್ಟು. ಒಳಗೆ ಒಬ್ಬ ಮುದುಕಿ. ಅವಳ ಮೂಗಿಗೆ ಆಮ್ಲಜನಕದ ನಳಿಕೆ, ಪಕ್ಕದಲ್ಲಿ ಗಾಲಿಯ ಮೇಲೊಂದು ಸಿಲಿಂಡರು. ಅದರ ಮುಳ್ಳು ಮುಕ್ಕಾಲು ಗಂಟೆ ಎನ್ನುತ್ತಿತ್ತು. ಹೊರಗೆ ಹಿಮ ಬಿದ್ದು ರಸ್ತೆ ಕಟ್ಟಿತ್ತು, ಅಗ್ನಿಶಾಮಕದವರು ಬರಲು ಒಂದು ಗಂಟೆ ಬೇಕು.

ಬಾಗಿಲು ಸರಿಯಾಗಿ ಮುಚ್ಚಿಲ್ಲ ಎಂದು ಲಿಫ್ಟು ಹೇಳುತ್ತಿತ್ತು. ಬಾಗಿಲ ಸಾಲುಗಳ ಮೇಲೆ ಕಣ್ಣು ಬಿದ್ದೊಡನೆ ಹೆರಿಯ ಕಿವಿಯ ಮೇಲೆ ಕಚಗುಳಿ ಆಯಿತು; ನನ್ನ ಹಳೆಯ ಹೊಳಹುಗಳೆಲ್ಲ ಅಲ್ಲೇ ಕುಣಿಯುತ್ತಿದ್ದವು. ಬಾಗಿಲನ್ನು ಮರುಚಾಲನೆ ಮಾಡಿದ. ಲಿಫ್ಟು ಅಲುಗಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಅವನ ಮುಖದ ಬೆವರು ಮೈಸೂರಿಗೆ ಕಾಣುತ್ತಿತ್ತು. ದಯವಿಟ್ಟು ಶಾಂತವಾಗಿರಿ, ಎಂದಿತು ಧ್ವನಿಮುದ್ರಿಕೆ. ಹತ್ತು ನಿಮಿಷ ಮುಗಿಯಿತು.

"ಅರಸ್ ಸರ್, ನಿಮ್ಮ ಟರ್ನ್!" ಎಂದು ನಿಖಿಲೇಶ್ ನನ್ನ ಬೆನ್ನು ತಟ್ಟಿದ.

ಪರದೆ ನೋಡಿದೆ. ಎರಡು ಸಾವಿರ ಸಾಲು. ಹುಬ್ಬು ಅದುರಲಿಲ್ಲ. ಮುತ್ತಾತನನ್ನು ನೆನೆದೆ, ಅರಮನೆಯ ಅಷ್ಟೂ ಆನೆಗಳನ್ನು ಹೆಸರು ಹಿಡಿದು ನೆನೆದೆ. ಒಂದೂ ಬರಲಿಲ್ಲ. ಐದು ನಿಮಿಷ, ಎಂಟು ನಿಮಿಷ. ಮೊಣಕೈ ಹತ್ತಿರ ಬರಿಯ ಮೇಜು ಇತ್ತು. ಮೂಗಿನ ನಳಿಕೆಯನ್ನು ಸರಿಮಾಡಿಕೊಳ್ಳುತ್ತಿದ್ದ ಆ ಮುದುಕಿಗೆ, ಅವಳ ಜೀವ ನನ್ನ ಹಣೆಯಲ್ಲಿದೆಯೆಂದು ನಾನೇ ಬರೆದುಕೊಟ್ಟಿದ್ದೇನೆಂಬುದು ಗೊತ್ತಿರಲಿಲ್ಲ.

ಕಂಟ್ರೋಲ್ ರೂಮಿನೊಳಕ್ಕೆ ಫೋನು ತರುವಂತಿಲ್ಲ. ತಂದರೆ ಅವತ್ತೇ ವಜಾ. ನಾನು ಹತ್ತೊಂಬತ್ತು ವರ್ಷದಿಂದ ಪ್ಯಾಂಟಿನ ಒಳಜೇಬಿನಲ್ಲಿ ತಂದಿದ್ದೇನೆ, ಕ್ರಿಕೆಟ್ಟಿಗಾಗಿ. ನಿಖಿಲೇಶ್ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಗೋಡೆಯ ಕಡೆ ತಿರುಗಿ ದೊಡ್ಡವರಿಗೆ ಏನೋ ವಿವರಿಸುತ್ತಿದ್ದ. ಮೇಜಿನ ಕೆಳಗೆ ಬಗ್ಗಿ ಒತ್ತಿದೆ.

"ಏನ್ಸಾರ್?" ಹಿಂದೆ ಹೊಲಿಗೆ ಯಂತ್ರದ ಸದ್ದು. ತಂಗಿಯ ಟೈಲರ್ ಅಂಗಡಿಯಲ್ಲಿ ಅವಳು ಬ್ಲೌಸುಗಳಿಗೆ ಹುಕ್ಕು ಹಾಕುತ್ತಿದ್ದಳು.

"ಮುಬೀನಾ, ಒಬ್ಬಳು ಅಜ್ಜಿ ಸಿಕ್ಕಾಕ್ಕೊಂಡಿದಾಳೆ. ನನಗೆ ಏನೂ ಹೊಳೀತಾ ಇಲ್ಲ. ಮಾತಾಡ್ತೀಯಾ?"

ಯಂತ್ರದ ಸದ್ದು ನಿಂತಿತು. ಅವಳು ಇಲ್ಲ ಎನ್ನಬಹುದಿತ್ತು. ಎಂದಿದ್ದರೆ ಇವತ್ತಿಗೂ ನಾನು ಅವಳನ್ನು ದೂರುತ್ತಿರಲಿಲ್ಲ.

"ಮೈಕಿಗೆ ಹಿಡೀರಿ," ಎಂದಳು.

ಧ್ವನಿಮುದ್ರಿಕೆಯನ್ನು ಆರಿಸಿ ಫೋನನ್ನು ಮೈಕಿಗೆ ಒತ್ತಿ ಹಿಡಿದೆ. ಅವರಿಬ್ಬರ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತೇನೆ.

"ನಮಸ್ಕಾರ ಅಮ್ಮಾ, ನಾನು ಮುಬೀನಾ. ನಿಮ್ಮ ಹೆಸರೇನು?"

"ಅಬ್ಬಾ, ಮನುಷ್ಯಳು! ಮಾರ್ಗರೆಟ್ ಅಂತ. ಇಷ್ಟು ಹೊತ್ತು ಯಾವುದೋ ಯಂತ್ರ ಶಾಂತವಾಗಿರು ಶಾಂತವಾಗಿರು ಅಂತಿತ್ತು. ಶಾಂತವಾಗೇ ಇದ್ದೆ, ಅದು ಹೇಳಿ ಹೇಳಿ ರೇಗಿಸಿತು."

"ಎಲ್ಲಿಗೆ ಹೊರಟಿದ್ರಿ?"

"ಹನ್ನೆರಡನೇ ಮಹಡೀಲಿ ನನ್ನ ತಂಗಿ ಇದಾಳೆ. ಜಗಳ ಆಡೋಕೆ ಹೊರಟಿದ್ದೆ."

"ಯಾತಕ್ಕೆ ಜಗಳ?"

"ಈಗ ಮರೆತೆ. ಅವಳ ಮುಖ ನೋಡಿದ್ರೆ ನೆನಪಾಗುತ್ತೆ."

ಮುಬೀನಾ ನಕ್ಕಳು. ಲಿಫ್ಟಿನ ಬಾಗಿಲ ಮೇಲಿಂದ ಒಳಗಷ್ಟೇ ನೋಡುವ ಕ್ಯಾಮೆರಾದಲ್ಲಿ ಮುದುಕಿಯ ಭುಜ ಇಳಿದು ಉಸಿರು ನಿಧಾನವಾದದ್ದು ಕಂಡಿತು. ನಿಧಾನವಾದ ಉಸಿರೆಂದರೆ ಸಿಲಿಂಡರಿನಲ್ಲಿ ಇನ್ನೈದು ನಿಮಿಷ ಹೆಚ್ಚು.

"ಚಳಿ ಆಗ್ತಿದೆಯಾ ಅಮ್ಮಾ?"

"ಕಾಲಿಗೆ ಮಾತ್ರ. ಬಾಗಿಲು ಒಂದು ಗೇಣು ತೆರೆದಿದೆ ನೋಡು, ಅಲ್ಲಿಂದ ಗಾಳಿ. ಲಿಫ್ಟಲ್ಲಿ ಮಹಡಿ ಹೇಳೋ ಆ ಹೆಂಗಸಿನ ದನಿ ಹನ್ನೆರಡನೇ ಮಹಡಿ ಅಂತ ಕೂಗಿತು, ನೋಡಿದ್ರೆ ಎದುರಿಗೆ ಇಟ್ಟಿಗೆ. ಹನ್ನೆರಡನೇ ಮಹಡಿಗೆ ಯಾವಾಗ ಗೋಡೆ ಕಟ್ಟಿದ್ರು?"

"ಸಾರ್, ಇಟ್ಟಿಗೆ," ಎಂದಳು ಮುಬೀನಾ ಕನ್ನಡದಲ್ಲಿ, ಅಷ್ಟೇ.

ಹುಬ್ಬು ಅದುರಲಿಲ್ಲ, ಸಿಡಿಯಿತು. ಬಾಗಿಲಿನ ದೋಷವೇ ಅಲ್ಲ! ಹಿಮದ ತೇವಕ್ಕೆ ಮಹಡಿ ಎಣಿಸುವ ಸಾಧನ ತಪ್ಪಿ, ಲಿಫ್ಟು ತಾನು ಹನ್ನೆರಡಕ್ಕೆ ತಲುಪಿದ್ದೇನೆಂದು ನಂಬಿ ಬಾಗಿಲು ತೆರೆದಿದೆ, ಎದುರಿಗೆ ಗೋಡೆ ಕಂಡು ಬೆಪ್ಪಾಗಿ ನಿಂತಿದೆ. ಅದರ ಎಣಿಕೆಯನ್ನು ಅಳಿಸಿ, ಆಮೆಯ ವೇಗದಲ್ಲಿ ನೆಲಮಹಡಿಗೆ ಇಳಿಸಿದರೆ ಸರಿಹೋಗುತ್ತದೆ. ಆದರೆ ಬಾಗಿಲು ಗೇಣಗಲ ತೆರೆದಿರುವವರೆಗೆ ಅದು ಇಳಿಯುವುದಿಲ್ಲ, ಆ ಬಾಗಿಲನ್ನು ಮೈಸೂರಿನಿಂದ ತಳ್ಳಲು ನನ್ನ ವಂಶದಲ್ಲಿ ಯಾರಿಂದಲೂ ಆಗುವುದಿಲ್ಲ.

"ಬಾಗಿಲು ಮುಚ್ಚಿಸು, ಮುಬೀನಾ. ಅಜ್ಜಿ ಕೈಲಿ ಕೋಲಿದೆ."

"ಮಾರ್ಗರೆಟಮ್ಮಾ, ಕೈಲಿ ಕೋಲಿದೆಯಲ್ಲ. ತಂಗಿ ಮೇಲಿನ ಸಿಟ್ಟೆಲ್ಲ ಸೇರಿಸಿ ಆ ಬಾಗಿಲಿನ ಅಂಚಿಗೆ ಇಟ್ಟು ನೂಕಿ. ಇನ್ನೂ. ಇಷ್ಟೇನಾ ಸಿಟ್ಟು?"

ಬಾಗಿಲು ಮುಚ್ಚಿತು. ನಾನು ಎಣಿಕೆ ಅಳಿಸಿದೆ. ಲಿಫ್ಟು ಒಂದೊಂದೇ ಮಹಡಿ ತಡವುತ್ತ ಇಳಿದು ನೆಲಕ್ಕೆ ತಲುಪಿತು. ಬಾಗಿಲು ತೆರೆಯಿತು. ಸಿಲಿಂಡರಿನಲ್ಲಿ ಹನ್ನೆರಡು ನಿಮಿಷ ಉಳಿದಿತ್ತು. ಬೇರೆ ಕಡೆ ನಾನು ಹನ್ನೆರಡು ಸೆಕೆಂಡು ಎಂದು ಹೇಳಿರುತ್ತೇನೆ. ಇಲ್ಲಿ ಬೇಡ.

ಗೋಡೆಯ ಮೇಲಿಂದ ಚಪ್ಪಾಳೆ ಕೇಳಿತು. ದೊಡ್ಡವರು ಎದ್ದು ನಿಂತಿದ್ದರು. ಪಟ್ಟಿಯಲ್ಲಿ ನನ್ನ ಅಲೆ ಹಿಂದೆಂದೂ ಇಲ್ಲದಷ್ಟು ಎತ್ತರ ಬಂದಿತ್ತು, ಕಣ್ಣು ಸರಿಯಾಗಿ ಮಹಡಿ ಎಣಿಕೆಯ ಸಾಲಿನ ಮೇಲಿತ್ತು. ಸಾವಿರದಲ್ಲೊಂದು ಸಿಗುವಂಥ ಮಾದರಿ ಎಂದು ಪ್ರಯೋಗಾಲಯದವರು ಕುಣಿದಾಡಿದರು. ನಿಖಿಲೇಶ್ ನನ್ನನ್ನು ಅಪ್ಪಿಕೊಂಡು, ಮತ್ತೆ ಗೋಡೆಯ ಕಡೆ ಓಡಿದ. ಮುಷ್ಟಿಯಲ್ಲಿ ಅಡಗಿಸಿದ್ದ ಫೋನಿನಲ್ಲಿ ಕರೆ ಇನ್ನೂ ನಡೆಯುತ್ತಿತ್ತು.

"ಅದೇನ್ಸಾರ್ ಚಪ್ಪಾಳೆ?"

"ನನಗೆ," ಎಂದೆ.

"ಹೂಂ. ತಗೊಳ್ಳಿ," ಎಂದು ಇಟ್ಟುಬಿಟ್ಟಳು.

ಮರುದಿನ ಹಾಲಿನಲ್ಲಿ ನನಗೆ ಸನ್ಮಾನ. ಮೈಸೂರು ಪೇಟ, ಶಾಲು, ಗಾಜಿನ ಫಲಕ. ಒಂದೆರಡು ಮಾತಾಡಿ ಎಂದು ಮೈಕು ಕೊಟ್ಟರು. ಮುಬೀನಾಳನ್ನು ಆ ಸೀಟಿಗೆ ತರಲು ಇದೇ ಸಮಯ ಎಂದುಕೊಂಡೆ. ಎಂಟು ಜೋಡಿಗಳ ಕಥೆ ಹೇಳಿದೆ. ಸ್ಲೇಟಿನ ಕಥೆ ಹೇಳಿದೆ. ಇಟ್ಟಿಗೆ ಕಂಡದ್ದು ನನಗಲ್ಲ, ನಾನು ಬರಿಯ ಗುಂಡಿ ಒತ್ತಿದವನು, ಅಜ್ಜಿಯನ್ನು ಇಳಿಸಿದವಳು ಉದಯಗಿರಿಯ ಟೈಲರ್ ಅಂಗಡಿಯಲ್ಲಿ ಕೂತಿದ್ದಾಳೆ ಎಂದೆ. ಒಂದು ಪದ ಹೆಚ್ಚಿಸಲಿಲ್ಲ, ಒಂದು ಪದ ಇಳಿಸಲಿಲ್ಲ.

ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಹಾಲು ನಕ್ಕಿತು.

"ಟೈಲರ್ ಅಂಗ್ಡೀಲಿ ಕೂತು ಸ್ಕಾಟ್ಲೆಂಡಿನ ಲಿಫ್ಟ್ ಇಳಿಸಿದ್ರಂತೆ ಕಣ್ರೋ!"

"ಆನೆ ಬಿಟ್ಟು ಹೊಸಾ ಕಥೆ ಹಿಡಿದ್ರು ಅರಸ್ ಸಾರು!"

ಆಣೆ ಮಾಡಿದೆ. ಮತ್ತೂ ನಕ್ಕರು. ಕೊನೆಯ ಸಾಲಿನವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ದೊಡ್ಡವರಿಗೆ ಯಾರೋ ಇಂಗ್ಲಿಷಿನಲ್ಲಿ ಹೇಳಿರಬೇಕು, ಅವರೂ ನಗುತ್ತ ಹೆಬ್ಬೆರಳು ಎತ್ತಿದರು.

ಪೇಟ ಸಮೇತ ನಿಖಿಲೇಶನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಫೋನು ತೆಗೆದು ಅವನ ಮುಂದಿಟ್ಟೆ. ಮುಬೀನಾ, ಎರಡು ಗಂಟೆ ಐವತ್ತೊಂದು ನಿಮಿಷ, ಹದಿನೇಳು ನಿಮಿಷದ ಕರೆ. ಅವನು ಅದನ್ನು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ನಗು ಇರಲಿಲ್ಲ.

"ನಾನು ನಂ‌ಬ್ತೀನಿ ಸರ್. ಅದೇ ಈಗ ಪ್ರಾಬ್ಲಮ್."

"ನಂಬಿದ್ರೆ ಅವಳನ್ನ ವಾಪಸ್ ಕರೀರಿ. ನನ್ನ ಸೀಟು ಕೊಡಿ."

"ಯಾವ ಸೀಟಿಗೆ ಕರೀಲಿ? ಬಾಯಿ ಅನ್ನೋ ಕಾಲಮ್ಮೇ ಶೀಟಲ್ಲಿಲ್ಲ. ನೀವೇ ತೆಗೆಸಿದ್ದು." ಮೇಜಿನ ಡ್ರಾಯರಿನಿಂದ ನನ್ನ ಫಾರಮ್ಮು ತೆಗೆದ. "ಇದು ಸುಳ್ಳು ಅಂದ್ರೆ ನೀವು ಕಂಪನಿಗೆ ಮೋಸ ಮಾಡಿದೀರಿ. ಇದು ನಿಜ ಅಂದ್ರೆ ಆ ಫೋನ್ ಕಾಲು ಸುಮ್ನೆ ಮಾಡಿದ್ದು, ಸೆಕ್ಯೂರಿಟಿ ತಪ್ಪು. ಯಾವುದು ಇಟ್ಕೊಳ್ಳೋಣ, ನೀವೇ ಹೇಳಿ."

"ನಾಳೆ ಇನ್ನೊಬ್ಬ ಅಜ್ಜಿ ಸಿಕ್ಕಾಕ್ಕೊಂಡ್ರೆ?"

ಅವನು ಕಿಟಕಿಯ ಕಡೆ ನೋಡಿದ. "ಸರ್, ನಿನ್ನೆ ಅವರು ಎದ್ದು ನಿಂತು ಚಪ್ಪಾಳೆ ಹೊಡೆದಿದಾರೆ. ಅವರನ್ನ ಕೂತ್ಕೊಳಿ ಅಂತ ಯಾರು ಹೇಳ್ಬೇಕು? ನಾನಾ?"

ಕಾಲು ಗಂಟೆಯಲ್ಲಿ ನಾನು ಗೇಟಿನ ಹೊರಗಿದ್ದೆ. ಶಾಲು ಇಟ್ಟುಕೊಳ್ಳಲು ಬಿಟ್ಟರು. ಪೇಟ ಬಾಡಿಗೆಯದು, ಇಸಿದುಕೊಂಡರು. ಮೈಸೂರಿನಲ್ಲಿ ಉಳಿಯಬೇಕಿದ್ದ ಆ ಒಂದು ಸೀಟೂ ಅವತ್ತೇ ರದ್ದಾಯಿತು. ಮುಬೀನಾಳಿಗೆ, ಅನುಮತಿ ಇಲ್ಲದೆ ಕಂಪನಿಯ ಗ್ರಾಹಕರ ಜೊತೆ ಮಾತಾಡಿದ್ದಕ್ಕೆ ವಕೀಲರ ನೋಟೀಸು ಹೋಯಿತು. ಉಳಿದ ಏಳು ಮಂದಿ ಕೈಯವರು ತೊಂಬತ್ತನೇ ದಿನ ಇಳಿದರು. ನಿಖಿಲೇಶ್ ಒಬ್ಬನೇ ಉಳಿದ. ಅವನ ತಲೆಗೂ ಪಟ್ಟಿ ಕಟ್ಟಿ ಒಂದು ತಿಂಗಳು ನೋಡಿದರಂತೆ. ಒಂದು ಅಲೆಯೂ ಏಳಲಿಲ್ಲವಂತೆ. ಕಳಿಸುವುದಕ್ಕೆ ಏನೂ ಸಿಗದಿದ್ದುದರಿಂದ ಅವನ ಕೆಲಸವನ್ನು ದ್ವೀಪಕ್ಕೆ ಕಳಿಸಲಾಗಲಿಲ್ಲ. ಇದು ನಾನು ಕಟ್ಟಿದ್ದಲ್ಲ, ಪ್ರಯೋಗಾಲಯದವರೇ ಹೇಳಿದ್ದು.

ನೋಟೀಸಿಗೆ ಉತ್ತರ ಬರೆಯಲು ನಾನು ಆಗಾಗ ಉದಯಗಿರಿಯ ಆ ಅಂಗಡಿಗೆ ಹೋಗುತ್ತೇನೆ. ಮುಬೀನಾ ನನ್ನನ್ನು ಕ್ಷಮಿಸಿದ್ದಾಳೆಂದು ಹೇಳಲಾರೆ. ಸ್ಟೂಲು ಕೊಡುತ್ತಾಳೆ, ಚಹಾ ಕೊಡುತ್ತಾಳೆ, ನಾನು ಬರೆದದ್ದನ್ನು ಓದಿ, ಸಾಲುಸಾಲು ಹೊಡೆದು ಹಾಕುತ್ತಾಳೆ. ಹೋದ ಶುಕ್ರವಾರ ಮಧ್ಯಾಹ್ನ ಹಾಗೆ ಕೂತಿದ್ದಾಗ ನನ್ನ ಫೋನಿಗೆ ಹೆರಿಯ ಸಂದೇಶ ಬಂತು. ಅವಳಿಗೆ ಓದಿ ಹೇಳಿದೆ.

'ಸರ್, ಆ ದಿನ ನೀವು ಮೈಕಿಗೆ ಏನೋ ಹಿಡಿದದ್ದು ನನಗೆ ಪರದೆಯಲ್ಲಿ ಕಾಣಿಸಿತ್ತು. ಆ ಹೆಂಗಸಿನ ಮಾತೂ ಕೇಳಿಸಿತ್ತು. ಹೋದ ವಾರ ಒಬ್ಬ ಕುರುಡ ಲಿಫ್ಟಿನಲ್ಲಿ ಸಿಕ್ಕಿಕೊಂಡ. ಕಚಗುಳಿ ಬರಲಿಲ್ಲ. ಧ್ವನಿಮುದ್ರಿಕೆ ಆರಿಸಿ, ಅವರು ಮಾತಾಡಿದ ಹಾಗೆ ನಾನೂ ಮಾತಾಡಿದೆ. ಅವನಿಗೆ ಕೇಳಿಸುತ್ತಿದ್ದ ಸದ್ದಿನಿಂದ ದೋಷ ಸಿಕ್ಕಿತು, ಇಳಿದ. ಹತ್ತೊಂಬತ್ತು ನಿಮಿಷ ಹಿಡಿಯಿತು. ಮಿತಿ ಹತ್ತು ನಿಮಿಷ. ನಿನ್ನೆ ನನ್ನನ್ನು ತೆಗೆದರು. ನಮ್ಮ ಕಂಟ್ರೋಲ್ ರೂಮು ಮುಂದಿನ ವರ್ಷ ಇನ್ನೊಂದು ದೇಶಕ್ಕೆ ಹೋಗುತ್ತದಂತೆ. ನಿಮ್ಮ ಊರಿನಲ್ಲಿ ಏನಾದರೂ ಕೆಲಸ ಸಿಗುತ್ತದೆಯೇ? ನಾನು ಏನು ಬೇಕಾದರೂ ಕಲಿಯುತ್ತೇನೆ.'

ಮುಬೀನಾ ಹುಕ್ಕು ಹಾಕುವುದನ್ನು ನಿಲ್ಲಿಸಿದ್ದಳು. ಸೂಜಿ ಬೆರಳ ನಡುವೆ ಹಾಗೇ ಇತ್ತು.

"ಹತ್ತೊಂಬತ್ತು ನಿಮಿಷ ಮಾತಾಡಿದಾನಾ?" ಎಂದಳು ಮೆಲ್ಲಗೆ. "ಮೊದಲ್ನೇ ಸಲ ನಂಗೆ ಏಳು ನಿಮಿಷಕ್ಕೇ ಗಂಟಲು ಕಟ್ಟಿತ್ತು."

ಫೋನಿನಲ್ಲೇ ಅವನಿಗೆ ಉತ್ತರ ಬರೆಯತೊಡಗಿದೆ. ಅವಳು ಬಗ್ಗಿ ನೋಡಿದಳು.

"ಇಷ್ಟೇನಾ? ಸ್ವಲ್ಪ ಸೇರ್ಸಿ ಬರೀರಿ ಸಾರ್. ಮೈಸೂರಲ್ಲಿ ನಂಗೊತ್ತಿರೋರು ಇದಾರೆ, ನೋಡೋಣ, ಹಾಗೆ ಹೀಗೆ ಅಂತ. ನಿಮಗೆ ಬರಲ್ವಾ? ಪಾಪ, ಅಷ್ಟು ದೂರದಿಂದ ಕೇಳಿದಾನೆ."

ಸೇರಿಸಲು ಹೋದೆ. ನಿಜವಾಗಿಯೂ ಹೋದೆ. ಏನೂ ಬರಲಿಲ್ಲ.

'ಇಲ್ಲ ಹೆರಿ. ಇಲ್ಲಿಯೂ ಇಲ್ಲ.'

ಕಳಿಸಿದ ಕೂಡಲೇ ಓದಿದ ಗುರುತು ಬಂತು. ಕಾಯುತ್ತಲೇ ಕೂತಿದ್ದನೇನೋ.